ಸಾಮಾನು ಗಾಡಿಯ ಓಲಾಟ



ನಿಲ್ದಾಣದಲ್ಲಿ ನಿಲ್ಲದೆ ಓಡುವ ಸಾಮಾನು ಗಾಡಿಗಳ ಸಾಲನ್ನು ತಾವು ನೋಡಿರಬಹುದು. ತುಂಬಿದ ಗಾಡಿಗಳು ಗಂಭೀರವಾಗಿ ಸಾಗುವುವು; ಬರಿದಾದವು ಎಡಕ್ಕೂ ಬಲಕ್ಕೂ ಓಲಾಡುವುವು. ಹಳಿ ಡೊಂಕಾಗಿರುವುದೇ ಇದಕ್ಕೆ ಕಾರಣವೆಂದು ಹಲವರ ಊಹೆ. ಆದರೆ ಹಳಿಯು ನೂಲು ಹಿಡಿದಂತೆ ನೇರವಾಗಿದ್ದರೂ ಈ ಓಲಾಟವು ಹುಟ್ಟಬಲ್ಲುದು. ಅದರ ಬೀಜವಿರುವುದು ಗಾಲಿಯ ಆಕಾರದಲ್ಲಿ.

ಎರಡು ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಇಳಿಜಾರಾಗಿಟ್ಟ ಎರಡು ಕೋಲುಗಳ ಮೇಲೆ ಉರುಳಬಿಡಿ. ಪಕ್ಕಕ್ಕೆ ಸರಿದರೂ ಅವು ತಾವಾಗಿಯೇ ನಡುವಿಗೆ ಮರಳುವುವು. ರೈಲಿನ ಗಾಲಿಗಳೂ ಹಾಗೆಯೇ ಒಂದೇ ಅಚ್ಚಿಗೆ ಬಿಗಿದ ಜೋಡಿ. ಅವುಗಳ ಸುತ್ತಳತೆ ಒಳಬದಿಯಲ್ಲಿ ಹಿರಿದು, ಹೊರಬದಿಯಲ್ಲಿ ಕಿರಿದು. ಜೋಡಿಯು ಬಲಕ್ಕೆ ಸರಿದರೆ ಬಲಗಾಲಿಯು ದೊಡ್ಡ ಸುತ್ತಿನ ಮೇಲೆ ಉರುಳಿ ಮುಂದಾಗುವುದು. ಅಚ್ಚು ಎಡಕ್ಕೆ ತಿರುಗುವುದು. ಆದರೆ ನಡುವಿಗೆ ಬಂದೊಡನೆ ನಿಲ್ಲದೆ ಆಚೆಗೆ ದಾಟುವುದು, ಮತ್ತೆ ಮರಳುವುದು. ಈ ಹಾವಿನ ನಡೆಯ ಅಲೆಯ ಉದ್ದವನ್ನು ಕ್ಲಿಂಗೆಲ್ ಎಂಬ ಜರ್ಮನ್ ಎಂಜಿನಿಯರು 1883ರಲ್ಲಿ ಗಣಿಸಿ ತೋರಿಸಿದರು. ಗಾಲಿಯ ಇಳುಕಲು 20ಕ್ಕೆ 1ರಂತಿದ್ದರೆ ಒಂದು ಅಲೆಯು ಸುಮಾರು 16 ಮೀಟರು. ಗಂಟೆಗೆ 60 ಕಿಲೋಮೀಟರು ಓಡುವಾಗ ಸೆಕೆಂಡಿಗೊಂದು ಓಲಾಟ. ವೇಗವು ಇಮ್ಮಡಿಸಿದರೆ ಎರಡು.

ವೇಗ ಕಡಮೆಯಿದ್ದಾಗ ಸ್ಪ್ರಿಂಗುಗಳ ತಿಕ್ಕಾಟವು ಇದನ್ನು ಅಡಗಿಸುವುದು. ಒಂದು ಮಿತಿಯನ್ನು ಮೀರಿದರೆ ಓಲಾಟವು ಗಾಡಿಯ ಓಟದಿಂದಲೇ ಬಲವನ್ನು ಹೀರಿ ಬೆಳೆಯುವುದು. ಗಾಲಿಯ ಅಂಚು ಹಳಿಗೆ ಬಡಿಯುವುದು. ಬರಿದಾದ ಗಾಡಿಗೆ ಕೆಳಗೊತ್ತುವ ಭಾರ ಸಾಲದು. ಅಂಚು ಹಳಿಯನ್ನೇರುವ ಭಯವು ಅದಕ್ಕೇ ಹೆಚ್ಚು.

ಯುದ್ಧಾನಂತರ ಜಪಾನಿನಲ್ಲಿ ಇದನ್ನು ಸ್ಪಷ್ಟಪಡಿಸಿದವರು ತದಾಶಿ ಮತ್ಸುದೈರ. ವಿಮಾನಗಳ ಕಂಪನವನ್ನು ಅಭ್ಯಾಸ ಮಾಡಿ ರೈಲ್ವೆಗೆ ಬಂದಿದ್ದ ಅವರು, ಎರಡಚ್ಚಿನ ಸಾಮಾನು ಗಾಡಿಯ ಓಲಾಟವೂ ಅದೇ ಜಾತಿಯದೆಂದು ಕಂಡರು. ತಿರುಗುವ ಉರುಳೆಗಳ ಮೇಲೆ ಮಾದರಿಗಳನ್ನು ಓಡಿಸಿ ಪರೀಕ್ಷಿಸಿದರು. 1964ರಲ್ಲಿ ಆರಂಭವಾದ ಶಿಂಕಾನ್ಸೆನ್ ಗಾಡಿಗಳಿಗೆ ಈ ಜ್ಞಾನವು ಒದಗಿತು.

ಆದರೂ ಜ್ಞಾನವಿದ್ದ ಮಾತ್ರಕ್ಕೆ ಅಪಾಯ ತೀರದು. ಅದಕ್ಕೆ ಹಿಂದಿನ ವರ್ಷ, 1963ರ ನವೆಂಬರ್ 9ರ ರಾತ್ರಿ, ತ್ಸುರುಮಿಯ ಬಳಿ ಎರಡಚ್ಚಿನ ಸಾಮಾನು ಗಾಡಿಯೊಂದು ಹಳಿ ತಪ್ಪಿತು. ಎರಡು ಪ್ರಯಾಣಿಕರ ರೈಲುಗಳು ಆ ಅಪಘಾತಕ್ಕೆ ಸಿಲುಕಿ 161 ಮಂದಿ ಮಡಿದರು. ಇಂಥದೇ ಎಂದು ಬೆರಳಿಟ್ಟು ತೋರಿಸುವ ಒಂದು ದೋಷವು ತನಿಖೆಯಲ್ಲಿ ದೊರೆಯಲಿಲ್ಲ. ಗಾಡಿ, ಹಳಿ, ವೇಗ, ಹೊರೆ ಇವುಗಳಲ್ಲಿನ ಸಣ್ಣ ಸಣ್ಣ ನ್ಯೂನತೆಗಳು ಒಂದೇ ಕ್ಷಣದಲ್ಲಿ ಕೂಡಿಬಂದಿದ್ದುವು.

ಆದಕಾರಣವೇ ಸವೆದ ಗಾಲಿಯನ್ನು ಮತ್ತೆ ಕಡೆಯುವುದು, ಅಚ್ಚನ್ನು ತಕ್ಕಷ್ಟೇ ಬಿಗಿಯಾಗಿ ಹಿಡಿಯುವುದು, ಬರಿದಾದ ಗಾಡಿಗಳ ವೇಗಕ್ಕೆ ಮಿತಿಯಿಡುವುದು. ಬರಿದಾದ ಸಾಮಾನು ಗಾಡಿಗಳು ನಿಧಾನವಾಗಿ ಹಾದುಹೋಗುವಾಗ ದಾಟುಗೇಟಿನಲ್ಲಿ ಕಾದು ಬೇಸರಗೊಳ್ಳುವ ನಾವು, ಪಕ್ಕದ ಹಳಿಯಲ್ಲಿ ಬರುವ ಪ್ರಯಾಣಿಕರನ್ನೂ ಒಮ್ಮೆ ನೆನೆಯೋಣ.