ತಾಲ್ಲೂಕಿನಲ್ಲಿ ನಾಟ್ಯ ಕಲಿಸುವುದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ ಡಾಕ್ಟರಾದವರು, ಎಂಜಿನಿಯರಾದವರು ಬೆಳಗಿನಿಂದ ಮಾತನಾಡಿದ್ದಾರೆ. ಅವರ ನಡುವೆ ಒಬ್ಬ ಭರತನಾಟ್ಯದ ಟೀಚರನ್ನೂ ನೆನಪಿಸಿಕೊಂಡು ಕರೆದಿದ್ದೀರಿ, ಸಂತೋಷ. ಈ ಕೆಲಸದಲ್ಲಿ ಹೊಟ್ಟೆ ತುಂಬುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ತುಂಬುತ್ತದೆ, ಆದರೆ ಬಸ್ಸಿನಲ್ಲಿ ಓಡಾಡಿ ತುಂಬಿಸಿಕೊಳ್ಳಬೇಕು. ಶನಿವಾರ, ಭಾನುವಾರ ಶ್ರೀರಂಗಪಟ್ಟಣ, ಎರಡು ಸಂಜೆ ಪಾಂಡವಪುರ, ಒಂದು ಸಂಜೆ ಕೆ.ಆರ್. ಪೇಟೆ, ಒಂದು ಸಂಜೆ ನಾಗಮಂಗಲ. ಶ್ರೀರಂಗಪಟ್ಟಣದವರಿಗೆ ಮೈಸೂರು ಪಕ್ಕದಲ್ಲೇ ಇದೆ, ನಾನಿಲ್ಲದಿದ್ದರೆ ಇನ್ನೊಬ್ಬರು ಸಿಗುತ್ತಾರೆ. ನಾಗಮಂಗಲದ ಮಗುವಿಗೆ ಹಾಗಿಲ್ಲ. ಆದ್ದರಿಂದ ನಷ್ಟವಾದರೂ ಆ ಒಂದು ಸಂಜೆಯನ್ನು ನಾನು ಬಿಟ್ಟಿಲ್ಲ.

ವೇದಿಕೆ ಹತ್ತುವುದೇ ದೊಡ್ಡದು, ಕಲಿಸುವುದು ಆಮೇಲಿನ ಮಾತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಂಥವರಿಗೆ ನಾನು ಕೆ. ವೆಂಕಟಲಕ್ಷಮ್ಮನವರ ಬದುಕನ್ನು ಹೇಳುತ್ತೇನೆ. 1906ರಲ್ಲಿ ಕಡೂರು ಕಡೆಯ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗಳು. ಎಳೆಯ ವಯಸ್ಸಿನಲ್ಲೇ ಮೈಸೂರಿನ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಸೇರಿದರು. ತಾಯಮ್ಮನವರೋ ಜಟ್ಟಿಯ ಮಗಳು, ಅಂದರೆ ಕುಸ್ತಿ ಪೈಲ್ವಾನರ ಮನೆಯವರು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೆಂಕಟಲಕ್ಷಮ್ಮ ಆಸ್ಥಾನ ವಿದುಷಿಯಾದರು. 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅವರೇ ಮೊದಲ ರೀಡರ್. ವಯಸ್ಸು ಅರವತ್ತರ ಹತ್ತಿರ! ನಮ್ಮ ಮೇಷ್ಟ್ರುಗಳು ಪಿಂಚಣಿ ಕಾಗದ ಜೋಡಿಸಿಕೊಳ್ಳುವ ಹೊತ್ತಿಗೆ ಆಕೆ ಹೊಸ ಕೆಲಸಕ್ಕೆ ಕೂತರು. 1992ರಲ್ಲಿ ಪದ್ಮಭೂಷಣ ಬಂತು. ಅರಮನೆಯಲ್ಲಿ ಅವರು ನರ್ತಿಸಿದ್ದನ್ನು ಕಂಡವರು ಇಂದು ಎಷ್ಟು ಜನ ಉಳಿದಿದ್ದಾರೋ! ಮೈಸೂರು ಶೈಲಿ ಮಾತ್ರ ಅವರ ಶಿಷ್ಯರಲ್ಲಿ, ಶಿಷ್ಯರ ಶಿಷ್ಯರಲ್ಲಿ ಉಳಿದಿದೆ.

ಇನ್ನು ನಮ್ಮೂರಿನ ಮಾತು. ನಾನು ಪಾಠ ಶುರು ಮಾಡಿದಾಗ ಒಬ್ಬ ಅಜ್ಜಿ ಕೇಳಿದ್ದರು, "ಏನವ್ವಾ, ಹೆಣ್ಣೈಕ್ಳಿಗೆ ಕುಣಿಯಾದು ಕಲಿಸ್ತೀಯಂತೆ, ನಾಳೀಕೆ ಗಂಡು ಹುಡುಕೋರು ಯಾರು?" ಅಜ್ಜಿಯದು ಕೆಟ್ಟ ಮಾತೆಂದು ನಾನು ತಿಳಿಯಲಿಲ್ಲ. ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿದ್ದು 1909ರಲ್ಲಿ. ಸೇವೆ ನಿಂತಿತು, ಅದಕ್ಕೆ ಅಂಟಿದ ಮಾತು ನಿಲ್ಲಲಿಲ್ಲ. ಅಜ್ಜಿಗೆ ಉತ್ತರ ಕೊಡುವ ಬದಲು ಪಾಠಕ್ಕೆ ಬಂದು ಕೂತುಕೊಳ್ಳಿ ಎಂದೆ. ಬಂದರು, ಎಲೆಅಡಿಕೆ ಹಾಕಿಕೊಂಡು ಒಂದು ಮೂಲೆಯಲ್ಲಿ ಕೂತರು. ಮೂರನೇ ವಾರಕ್ಕೆ ತಾಳ ತಪ್ಪಿದ ಮಕ್ಕಳನ್ನು ನನಗಿಂತ ಮೊದಲು ಅವರೇ ಗದರುತ್ತಿದ್ದರು.

ಈಗ ಆ ಮಾತು ಕಡಿಮೆಯಾಗಿದೆ. ಅದರ ಜಾಗದಲ್ಲಿ "ಈ ವರ್ಷ ಎಸ್‌ಎಸ್‌ಎಲ್‌ಸಿ ಮೇಡಂ" ಬಂದಿದೆ. ಒಂಬತ್ತನೆಯ ತರಗತಿ ಮುಗಿದ ಕೂಡಲೇ ಮಕ್ಕಳನ್ನು ಬಿಡಿಸುತ್ತಾರೆ. ಐದು ವರ್ಷ ಅರಮಂಡಿ ಕೂತು, ತಟ್ಟಡವು, ನಾಟಡವು ಎಲ್ಲ ಕೈಗೆ ಕಾಲಿಗೆ ಬಂದು, ಮುಖದಲ್ಲಿ ಅಭಿನಯ ಅರಳುವ ಹೊತ್ತಿಗೆ ಪಾಠ ನಿಂತುಹೋಗುತ್ತದೆ. ವಾರಕ್ಕೆ ಎರಡು ಗಂಟೆಯಿಂದ ಅಂಕ ಇಳಿಯುವುದಿಲ್ಲ ಎಂದು ನಾನು ವಾದಿಸುವುದನ್ನು ಬಿಟ್ಟಿದ್ದೇನೆ. ಬದಲಿಗೆ, ಆ ವರ್ಷ ಫೀಸು ಬೇಡ, ತಿಂಗಳಿಗೊಮ್ಮೆ ಕಳಿಸಿ ಸಾಕು ಎನ್ನುತ್ತೇನೆ. ದಾರ ಪೂರ್ತಿ ಕಡಿಯದಿದ್ದರೆ ಪಿಯುಸಿಗೆ ಬಂದ ಮೇಲೆ ಕೆಲವರಾದರೂ ಮರಳಿ ಬರುತ್ತಾರೆ. ಹಾಗೆ ಮರಳಿ ಬಂದು ಸೀನಿಯರ್ ಪರೀಕ್ಷೆ ಮುಗಿಸಿ, ವಿದ್ವತ್ತಿಗೆ ಕಟ್ಟಿದ ಹುಡುಗಿಯೊಬ್ಬಳು ಇಂದು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಎದ್ದು ನಿಲ್ಲು ಎಂದರೆ ನಾಚಿಕೊಳ್ಳುತ್ತಾಳೆ, ಬಿಡಿ.

ಗಂಡುಮಕ್ಕಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಸೀಮೆಯಲ್ಲಿ ಗಂಡಸರು ಕುಣಿಯುವುದಿಲ್ಲವೆಂದು ಯಾರು ಹೇಳಿದರು? ಪೂಜಾ ಕುಣಿತದಲ್ಲಿ ಅಷ್ಟೆತ್ತರದ ದೇವರ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು, ತಮಟೆಯ ಗತ್ತಿಗೆ ಹೆಜ್ಜೆ ಹಾಕುವವರು ಯಾರು? ಅಂಥ ಮನೆಯ ಹುಡುಗನೊಬ್ಬ ನನ್ನಲ್ಲಿಗೆ ಬಂದಾಗ ಬೆನ್ನು ನೆಟ್ಟಗಿಡು ಎಂದು ಒಂದು ದಿನವೂ ಹೇಳಬೇಕಾಗಲಿಲ್ಲ. ಬೆಂಗಳೂರಿನ ಯು.ಎಸ್. ಕೃಷ್ಣರಾವ್ ಅವರು ರಸಾಯನಶಾಸ್ತ್ರದ ಅಧ್ಯಾಪಕರು. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು, ಪತ್ನಿ ಚಂದ್ರಭಾಗಾದೇವಿಯವರ ಜೊತೆ ದೇಶ ವಿದೇಶಗಳಲ್ಲಿ ನರ್ತಿಸಿದರು. ಪಾಠವೂ ಹೇಳಿದರು. ಇದನ್ನು ಹೇಳಿದ ಮೇಲೆ ಪಾಂಡವಪುರದಲ್ಲಿ ಇಬ್ಬರು ಅಪ್ಪಂದಿರು ಒಪ್ಪಿದ್ದಾರೆ.

ರಂಗಪ್ರವೇಶದ ಬಗ್ಗೆ ಒಂದು ಮಾತು. ಸಭಾಂಗಣ, ಮೃದಂಗ, ಪಿಟೀಲು, ಒಡವೆ, ಊಟ ಎಂದು ಮದುವೆಯಷ್ಟೇ ಖರ್ಚು ಮಾಡಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಸಾಲ ಮಾಡಿ ರಂಗಪ್ರವೇಶ ಮಾಡಿಸಬೇಡಿ. ಕೆ.ಆರ್. ಪೇಟೆಯ ಮಕ್ಕಳನ್ನು ನಾನು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಗೋಡೆಯ ಶಿಲ್ಪಗಳ ಮುಂದೆ ಅದೇ ಭಂಗಿಯಲ್ಲಿ ನಿಲ್ಲಿಸುತ್ತೇನೆ. ಅದಕ್ಕೆ ಬಸ್ ಚಾರ್ಜು ಸಾಕು.

ಕೊನೆಗೆ, ಬಂದ ಕೆಲಸ. ಸುವರ್ಣ ಮಹೋತ್ಸವದ ಹಣದಲ್ಲಿ ಶಾಲೆಯ ಹಳೆಯ ಹಾಲ್‌ಗೆ ಟೈಲ್ಸ್ ಹಾಕಿಸುತ್ತೀರೆಂದು ಕೇಳಿದೆ. ದಯವಿಟ್ಟು ಅರ್ಧಕ್ಕಾದರೂ ಮರದ ಹಲಗೆ ಹಾಕಿಸಿ. ಗಟ್ಟಿ ನೆಲದ ಮೇಲೆ ದಿನವೂ ಕಾಲು ತಟ್ಟಿದರೆ ಮಂಡಿ, ಮೊಣಕಾಲ ಕೆಳಗಿನ ಮೂಳೆ ನೋಯುತ್ತವೆ. ವಿದೇಶದ ಬ್ಯಾಲೆ ಶಾಲೆಗಳಲ್ಲಿ ಹೆಜ್ಜೆಗೆ ಕೊಂಚ ಬಾಗುವಂತೆ ಹಲಗೆಯ ನೆಲ ಮಾಡಿರುತ್ತಾರೆ. ಅಷ್ಟು ನಾಜೂಕು ನಮಗೆ ಬೇಡ, ಅಡ್ಡಪಟ್ಟಿಯ ಮೇಲೆ ಹಲಗೆ ಜೋಡಿಸಿದರೆ ಆಯಿತು. ಊರಿನ ಬಡಗಿಯನ್ನು ಕೇಳಿದ್ದೇನೆ, ಮರ ಕೊಟ್ಟರೆ ಕೂಲಿ ಬೇಡ ಎಂದಿದ್ದಾರೆ, ಅವರೂ ಇದೇ ಶಾಲೆಯವರು. ಪಾಠ ಹೇಳುವವಳು ಹಿಂದಿನ ಸಾಲಿನ ಆ ಹುಡುಗಿ. ಮಕ್ಕಳಿಂದ ಹಣವಿಲ್ಲ, ಅವಳ ಸಂಭಾವನೆಯನ್ನು ಮೊದಲ ಎರಡು ವರ್ಷ ನಾನು ಕೊಡುತ್ತೇನೆ, ಮೂರನೆಯ ವರ್ಷದಿಂದ ಹಳೆಯ ವಿದ್ಯಾರ್ಥಿಗಳ ಸಂಘದವರು ಹೊಣೆ ಹೊರಬೇಕು. ಹಾಲ್‌ನ ಕೀಲಿ ಯಾರ ಬಳಿ ಇರುತ್ತದೆಂದು ಹೆಡ್‌ಮಾಸ್ಟರು ತಿಳಿಸಿದರೆ ಜೂನ್ ತಿಂಗಳ ಮೊದಲ ಶನಿವಾರ ಪಾಠ ಶುರು ಮಾಡುತ್ತೇವೆ.