ಚೆಂಡು ತರುವ ವಿದ್ಯೆ

ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿರುವವನು ನಾನು. ಸಂಧಿ ಸಮಾಸಗಳನ್ನು ಬಿಟ್ಟು ಈ ಪಂಡಿತ ನಾಯಿಗೆ ಚೆಂಡಾಟ ಕಲಿಸುವ ಮಾತಿಗೆ ಹೊರಟನಲ್ಲ ಎಂದು ನೀವು ಹುಬ್ಬೇರಿಸಬಹುದು. ಆದರೆ ಪಾಣಿನಿ ಮಹರ್ಷಿಯೇ ನಾಯಿ, ತರುಣ, ದೇವೇಂದ್ರ ಈ ಮೂವರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ್ದಾನೆ. ವ್ಯಾಕರಣದ ಅನುಕೂಲಕ್ಕೆ ಹಾಕಿದ ಗಂಟು ಅದು. ಆದರೂ ಮೊದಲಿನ ಇಬ್ಬರ ಮಟ್ಟಿಗೆ ಅದರಲ್ಲಿ ಬೇರೊಂದು ಅರ್ಥವೂ ಉಂಟೆಂದು ಕಳೆದ ವರ್ಷ ನನಗೆ ಹೊಳೆಯಿತು. ದೇವೇಂದ್ರನ ವಿಷಯ ನಾನರಿಯೆ.

ನನ್ನ ಏಳು ವರ್ಷದ ಮೊಮ್ಮಗ ಮಳೆಯಲ್ಲಿ ನೆನೆಯುತ್ತಿದ್ದ ಕರಿಯ ಮರಿಯೊಂದನ್ನು ಬೀದಿಯಿಂದ ಎತ್ತಿಕೊಂಡು ಬಂದ. ಪಶುವೈದ್ಯರಲ್ಲಿಗೆ ಒಯ್ದು ಚುಚ್ಚುಮದ್ದು ಹಾಕಿಸಿದ್ದಾಯಿತು. ನಾಮಕರಣ ನನ್ನ ಪಾಲಿಗೆ ಬಂತು. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲನ್ನು ನೀವು ಕೇಳಿರಬಹುದು, ಕ್ರಿ.ಶ. 950ರ ಸುಮಾರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ ಅರಸನು ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಮಡಿಯಿತು, ಕಲ್ಲಿನಲ್ಲಿ ಉಳಿಯಿತು. ಆ ಹೆಸರನ್ನೇ ಇಟ್ಟೆ. "ದೇವಿಯ ಹೆಸರನ್ನ ನಾಯಿಗೆ ಇಡ್ತೀರಾ?" ಎಂದು ನಮ್ಮ ಮನೆಯಾಕೆ ಗದರಿದಳು. ಕೊನೆಗೆ ಇಕಾರಕ್ಕೆ ಅಕಾರವು ಆದೇಶವಾಗಿ ಮರಿ 'ಕಾಳ'ನಾಯಿತು.

"ತಾತ, ಚೆಂಡು ಎಸೆದರೆ ಅದು ತಂದುಕೊಡಬೇಕು. ಹಾಗೆ ಕಲಿಸು" ಎಂದ ಮೊಮ್ಮಗ. ಅದೆಷ್ಟರ ಮಾತು ಎಂದುಕೊಂಡೆ. ಹಿತ್ತಲಲ್ಲಿ ನಿಂತು ಚೆಂಡೆಸೆದೆ. ಕಾಳ ಬಾಣದಂತೆ ಹೋಯಿತು, ಕಚ್ಚಿಕೊಂಡಿತು, ಕರಿಬೇವಿನ ಗಿಡದ ಹಿಂದೆ ಮಲಗಿ ಅಗಿಯತೊಡಗಿತು. ನಾನು "ತಾ" ಎಂದೆ. ಮನೆಯಾಕೆ "ತಗೊಂಡು ಬಾ" ಎಂದಳು. ಮೊಮ್ಮಗ "ಕೊಡೋ" ಎಂದ. ಮೂವರೂ ಅಟ್ಟಿಸಿಕೊಂಡು ಹೋದೆವು. ಬಾಲ ಅಲ್ಲಾಡಿಸುತ್ತ ಅದು ಬಾವಿಕಟ್ಟೆಯನ್ನು ನಾಲ್ಕು ಸುತ್ತು ಹಾಕಿಸಿತು. ಆಟ ಆಡಿಸಿದವರು ಯಾರು, ಆಡಿದವರು ಯಾರು ಎಂಬುದೇ ತಿಳಿಯದಾಯಿತು.

ನಾನು ತಿಳಿಯದೆ ಇದ್ದದ್ದು ಇಷ್ಟು. ಓಡುವುದನ್ನು ಅಟ್ಟುವುದು ನಾಯಿಗೆ ಹುಟ್ಟುಗುಣ, ಯಾರೂ ಕಲಿಸಬೇಕಾಗಿಲ್ಲ. ಸಿಕ್ಕಿದ್ದನ್ನು ಮರಳಿ ತರುವುದು, ತಂದು ಬಿಟ್ಟುಕೊಡುವುದು, ಇವೆರಡೇ ವಿದ್ಯೆ. ನಮ್ಮ ಮುಧೋಳದ ನಾಯಿ ಮೊಲವನ್ನು ಕಣ್ಣಿಂದ ಕಂಡು ಬೆನ್ನಟ್ಟುವುದಕ್ಕೆ ಹೆಸರಾದದ್ದು. ಲ್ಯಾಬ್ರಡಾರ್‌ನಂಥ ತಳಿಗಳನ್ನೋ, ಗುಂಡು ತಗಲಿ ಬಿದ್ದ ಹಕ್ಕಿಯನ್ನು ಹಾಳುಮಾಡದೆ ತಂದುಕೊಡಲೆಂದು ಬ್ರಿಟನ್ನಿನ ಬೇಟೆಗಾರರು ತಲೆಮಾರುಗಳ ಕಾಲ ಆರಿಸಿ ಬೆಳೆಸಿದರು. ಬೀದಿಯಲ್ಲಿ ಹುಟ್ಟಿದ ನಮ್ಮ ಕಾಳನಿಗೆ ಆ ವಂಶಪಾಠವಿಲ್ಲ. ಬಾಯಿಗೆ ಬಂದದ್ದನ್ನು ಬಿಟ್ಟುಕೊಟ್ಟರೆ ಬೀದಿಯಲ್ಲಿ ಬದುಕುವುದು ಹೇಗೆ?

ಇನ್ನು ಕಲಿಸುವ ಬಗೆ. ಬಯಲಿನಲ್ಲಿ ಆರಂಭಿಸಬೇಡಿ. ಎರಡು ಗೋಡೆಗಳ ನಡುವಿನ ಓಣಿಯಂಥ ಜಾಗದಲ್ಲಿ, ಮರಳುವ ದಾರಿ ನಿಮ್ಮ ಕಡೆಗೇ ಇರುವಂತೆ ನಿಂತು, ನಾಲ್ಕು ಹೆಜ್ಜೆ ದೂರಕ್ಕೆ ಮಾತ್ರ ಎಸೆಯಿರಿ. ನಾಯಿ ಚೆಂಡು ಹಿಡಿದೊಡನೆ ಅದರ ಹಿಂದೆ ಓಡಬೇಡಿ. ನೀವೇ ಹಿಂದಕ್ಕೆ ಸರಿಯಿರಿ. ಆಗ ಅದು ನಿಮ್ಮನ್ನು ಅಟ್ಟಿಕೊಂಡು ಬರುತ್ತದೆ. ಬಂದಾಗ ಬಾಯಿಂದ ಕಿತ್ತುಕೊಳ್ಳದೆ ಅಂಥದ್ದೇ ಇನ್ನೊಂದು ಚೆಂಡು ತೋರಿಸಿ. ಮೊದಲನೆಯದು ತಾನಾಗಿ ಬೀಳುತ್ತದೆ. ಬೀಳುವ ಆ ಕ್ಷಣಕ್ಕೆ "ಬಿಡು" ಎನ್ನಿ. ಬೆರಳ ತುದಿಯಷ್ಟು ಚಪಾತಿಯ ಚೂರು ಕೊಟ್ಟು ಎರಡನೆಯದನ್ನು ಎಸೆಯಿರಿ. ಬಿಟ್ಟುಕೊಟ್ಟರೆ ಆಟ ಮುಗಿಯುವುದಿಲ್ಲ, ಮುಂದುವರಿಯುತ್ತದೆ ಎಂಬುದು ಅದಕ್ಕೆ ಮನದಟ್ಟಾಗಬೇಕು.

ಮನೆಮಂದಿಯೆಲ್ಲ ಒಂದೇ ಮಾತು ಬಳಸಿ. ಪರ್ಯಾಯ ಪದಗಳು ನಿಘಂಟಿಗೆ ಅಲಂಕಾರ, ನಾಯಿಗೆ ಗೊಂದಲ. ಹೊತ್ತಿಗೆ ಐದು ನಿಮಿಷ ಸಾಕು. ಅದಕ್ಕೆ ಇನ್ನೂ ಆಸೆ ಇರುವಾಗಲೇ ನಿಲ್ಲಿಸಿ. ಚೆಂಡು ನುಂಗಲಾಗದಷ್ಟು ದೊಡ್ಡದಿರಲಿ. ಕಟ್ಟಿಗೆ ಚೂರು ಎಸೆಯಬೇಡಿ; ಅದರ ಮೊನೆ ಬಾಯಿ ಗಂಟಲುಗಳಿಗೆ ಚುಚ್ಚೀತು. ಉರಿಬಿಸಿಲಿನಲ್ಲೂ ಊಟವಾದೊಡನೆಯೂ ಆಟ ಬೇಡ.

ಇಷ್ಟನ್ನೂ ಒಬ್ಬ ಪಶುವೈದ್ಯರಿಂದ ಕೇಳಿ ತಿಳಿದುಕೊಂಡೆ. ಕೇಳಲು ಹೋದ ಕಾರಣವನ್ನು ಹೇಳದೆ ಈ ಮಾತು ಪೂರ್ತಿಯಾಗದು.

ಒಂದು ಸಂಜೆ ಕಾಳ ಚೆಂಡು ಕಚ್ಚಿಕೊಂಡು ತೆರೆದಿದ್ದ ಗೇಟಿನಿಂದ ರಸ್ತೆಗೆ ಹಾರಿತು. ಆಟೋ ಒಂದು ಕೂದಲೆಳೆಯಷ್ಟರಲ್ಲಿ ತಪ್ಪಿಹೋಯಿತು. ಕೂಗಿ ಕೂಗಿ ಗಂಟಲು ಕಟ್ಟಿತು. ಅರ್ಧ ಗಂಟೆಯ ಮೇಲೆ, ಮೈಯೆಲ್ಲ ಕೆಸರಾಗಿ, ಅದೇ ತಿರುಗಿ ಬಂದು ಚೆಂಡನ್ನು ನನ್ನ ಕಾಲ ಬಳಿ ಇಟ್ಟಿತು. ಯಾರ ಬಲವಂತವೂ ಇಲ್ಲದೆ ಅದು ಚೆಂಡು ತಂದುಕೊಟ್ಟದ್ದು ಅದೇ ಮೊದಲು. ನಾನೋ, ಹೆದರಿಕೆಯೆಲ್ಲ ಕೋಪವಾಗಿ, ಕಾಲಿನ ಚಪ್ಪಲಿ ತೆಗೆದು ಎರಡು ಬಾರಿಸಿದೆ. ಆಮೇಲೆ ಐದು ದಿನ ಅದು ನನ್ನ ಹತ್ತಿರ ಸುಳಿಯಲಿಲ್ಲ. ಚೆಂಡು ಕಂಡರೆ ಮಂಚದ ಕೆಳಗೆ ಹೋಗುತ್ತಿತ್ತು.

"ಓಡಿಹೋದದ್ದಕ್ಕೆ ಹೊಡೆದೆ ಅಂತ ನೀವು ತಿಳಿದಿದ್ದೀರಿ, ಮೇಷ್ಟ್ರೆ. ನಾಯಿಗೆ ಅರ್ಧ ಗಂಟೆಯ ಹಿಂದಿನ ಲೆಕ್ಕ ತಿಳಿಯೋದಿಲ್ಲ. ಅದು ಕಲಿತದ್ದು, ಹಿಂದಿರುಗಿ ಬಂದರೆ ಏಟು ಅಂತ" ಎಂದರು ವೈದ್ಯರು.

ಮನೆಗೆ ನಡೆದು ಬರುವಾಗ ನನಗೆ ನೆನಪಾದದ್ದು ಕಾಳನಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದು. ಬೆತ್ತ ಮೇಷ್ಟರ ಕೈಯ ಭೂಷಣವಾಗಿದ್ದ ಕಾಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ವಾರ ಬಾರದೆ ಇದ್ದು, ಸೋಮವಾರ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ. ಏಕೆ ಬರಲಿಲ್ಲವೆಂದು ನಾನು ಕೇಳಲಿಲ್ಲ. ಕೈ ನೀಡೆಂದೆ. ನಾಲ್ಕು ಏಟು. ಮಾರನೆಯ ದಿನ ಅವನ ಜಾಗ ಖಾಲಿ. ಆ ವರ್ಷವೆಲ್ಲ ಖಾಲಿ. ತಪ್ಪಿಸಿಕೊಂಡದ್ದಕ್ಕೆ ಶಿಕ್ಷೆ ಕೊಟ್ಟೆನೆಂದು ಇಷ್ಟು ವರ್ಷ ನಂಬಿದ್ದೆ. ಅವನಿಗೆ ಪೆಟ್ಟು ಬಿದ್ದದ್ದು ಮರಳಿ ಬಂದದ್ದಕ್ಕೆ.

ಕಾಳನನ್ನು ಒಲಿಸಿಕೊಳ್ಳಲು ಮೂರು ವಾರ ಹಿಡಿಯಿತು. ನೆಲದ ಮೇಲೆ ಕುಳಿತು ಚೆಂಡನ್ನು ಒಂದು ಗೇಣು ದೂರಕ್ಕೆ ಉರುಳಿಸುವುದರಿಂದ ಮತ್ತೆ ಓಂ ನಾಮ ಹಾಕಿದೆ. ಈಗ ಹಿತ್ತಲ ಕೊನೆಯಿಂದಲೂ ತರುತ್ತದೆ. ಕೆಲವು ದಿನ ಕೂಡಲೇ ತರುತ್ತದೆ, ಕೆಲವು ದಿನ ಕರಿಬೇವಿನ ಗಿಡಕ್ಕೆ ಪ್ರದಕ್ಷಿಣೆ ಹಾಕಿ ತರುತ್ತದೆ. ಚೆಂಡು ಒದ್ದೆಯಾಗಿರುತ್ತದೆ, ಮಣ್ಣಾಗಿರುತ್ತದೆ. ಅಂಗೈ ಒಡ್ಡಿ "ಭೇಷ್" ಎನ್ನುತ್ತೇನೆ.

ತರಗತಿಗೆ ತಡವಾಗಿ ಬಂದ ಹುಡುಗನಿಗೂ ಈಗ ಮೊದಲು "ಬಾ, ಕೂತುಕೋ" ಎನ್ನುತ್ತೇನೆ; ವಿಚಾರಣೆ ಆಮೇಲೆ. ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ನಾಳೆ ಬೆಳಿಗ್ಗೆ ಎರಡು ಚೆಂಡು ಹಿಡಿದು ಹೊರಡಿ. ನಾಯಿ ಇಲ್ಲದ ಮನೆಯಲ್ಲೂ ಹೊತ್ತು ಮೀರಿ ಬಂದು ಹೊಸಿಲಲ್ಲಿ ನಿಲ್ಲುವವರು ಇದ್ದೇ ಇರುತ್ತಾರೆ. ಅವರು ತಿರುಗಿ ಬಂದದ್ದನ್ನು ಮೊದಲು ನೋಡಿ.