ಪಾಳು ಅಂದರೆ ಯಾರ ನೆಲ?

(ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಸರ್ಕಾರದ ಕಡತದಲ್ಲಿ 'ಪಾಳು' ಅಂತ ಒಂದು ಮಾತಿದೆ. ಗೋಮಾಳ, ಗಾಯರಾಣ, ಖರಾಬು, ಸಿ ಮತ್ತು ಡಿ ವರ್ಗದ ಜಮೀನು ಎಲ್ಲವನ್ನೂ ಆ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಕೇರಿಗಳಿಗೆ ಅದು ಪಾಳಲ್ಲ. ಒಲೆಗೆ ಸೌದೆ ಅಲ್ಲಿಂದ, ಮೇಕೆಗೆ ಸೊಪ್ಪು ಅಲ್ಲಿಂದ, ಗುಡಿಸಲಿಗೆ ಹುಲ್ಲು ಅಲ್ಲಿಂದ. ಪಹಣಿಯಲ್ಲಿ ನಮ್ಮ ಹೆಸರಿಲ್ಲ. ಆ ನೆಲದ ಮೇಲಿರೋದು ನಮ್ಮ ಅವ್ವಂದಿರು ಸೌದೆ ಹೊತ್ತು ನಡೆದ ಕಾಲುದಾರಿ ಮಾತ್ರ.

1984ರಲ್ಲಿ ನಮ್ಮ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅನ್ನೋ ಕಂಪನಿ ಕಟ್ಟಿತು. ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸುಮಾರು 75,000 ಎಕರೆ ಸಾರ್ವಜನಿಕ ನೆಲದಲ್ಲಿ ಕಾರ್ಖಾನೆಯ ತಿರುಳಿಗಾಗಿ ನೀಲಗಿರಿ ಬೆಳೆಯೋದು ಯೋಜನೆ. ಯೋಚಿಸಿ: ಭೂಹೀನನೊಬ್ಬ ಎರಡೆಕರೆಗೆ ಅರ್ಜಿ ಹಾಕಿದರೆ ತಾಲ್ಲೂಕು ಕಚೇರಿಯಲ್ಲಿ ಸಿಗೋ ಉತ್ತರ 'ನೆಲ ಇಲ್ಲ'. ಕಂಪನಿ ಕೇಳಿದರೆ ಊರೂರಿನ ನೆಲ ಹೊರಬರುತ್ತದೆ!

ಜನ ಸುಮ್ಮನಿರಲಿಲ್ಲ. ಶಿವರಾಮ ಕಾರಂತರು, ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ಹಣ್ಣಿನ ಮತ್ತು ಮೇವಿನ ಗಿಡ ಹಚ್ಚಿದರು. ಕೀಳೋದಷ್ಟೇ ಆಗಿದ್ದರೆ ಅದು ಸಿಟ್ಟು. ಹಚ್ಚಿದ್ದರಿಂದ 'ಈ ನೆಲ ನಮ್ಮದು' ಅನ್ನೋ ಮಾತಾಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು.

ಇನ್ನೊಂದು ಲೆಕ್ಕವನ್ನ ಪಂಡಿತರು ಅಷ್ಟಾಗಿ ಹೇಳೋದಿಲ್ಲ. ಕೋಲಾರ, ಬೆಂಗಳೂರು ಸೀಮೆಯಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪಾದವು. ರಾಗಿಗೆ ಬಿತ್ತನೆ ಬೇಕು, ಕಳೆ ಬೇಕು, ಕೊಯ್ಲು ಬೇಕು, ಕಣ ಬೇಕು. ಅಷ್ಟಕ್ಕೂ ಕೂಲಿಯವರ ಕೈ ಬೇಕು. ನೀಲಗಿರಿ ಒಮ್ಮೆ ಬೇರೂರಿದರೆ ಕಡಿಯೋ ತನಕ ಕೂಲಿಯೇ ಇಲ್ಲ. ನೀರು ಹೋಯ್ತು ಅಂತ ಜಮೀನುಳ್ಳವರು ಅತ್ತರು. ನಮ್ಮವರಿಗೆ ಅದಕ್ಕೂ ಮೊದಲೇ ಕೂಲಿ ಹೋಗಿತ್ತು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡೋದನ್ನ ಸರ್ಕಾರ ನಿಷೇಧಿಸಿತು. ಹೋದ ಕೂಲಿಯ ದಿನಗಳನ್ನ ಯಾರು ವಾಪಸು ಕೊಡುತ್ತಾರೆ?

ಈಗ ತಾಳೆಯ ಸರದಿ. 2021ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಗೆ 11,040 ಕೋಟಿಯ ಯೋಜನೆ ತಂದಿತು. ಅದರ ಕಣ್ಣು ಮುಖ್ಯವಾಗಿ ಈಶಾನ್ಯ ರಾಜ್ಯಗಳ ಮೇಲೆ, ಅಂಡಮಾನಿನ ಮೇಲೆ. ಓಂಗೆ ಜನರ ಲಿಟ್ಲ್ ಅಂಡಮಾನಿನಲ್ಲಿ 1970ರ ದಶಕದಲ್ಲೇ ಕಾಡು ಕಡಿದು ತಾಳೆ ತೋಟ ಹಾಕಿದ್ದರು. ಇಂಡೋನೇಷ್ಯಾದಲ್ಲಿ, ಮಲೇಷ್ಯಾದಲ್ಲಿ ಕಾಡಿನ ಜನ ಇದೇ ತಾಳೆಯ ಎದುರು ಇವತ್ತೂ ಹೋರಾಡುತ್ತಿದ್ದಾರೆ. ಅವರ ಭಾಷೆ ನಮಗೆ ತಿಳಿಯದು. ಆದರೆ ಅವರ ನೆಲಕ್ಕೂ 'ಪಾಳು' ಅಂತಲೇ ಹೆಸರಿಟ್ಟಿದ್ದಾರೆ ಅನ್ನೋದು ತಿಳಿಯುತ್ತದೆ.

ಎಣ್ಣೆ ಬೇಡವೇ ಅಂತ ಕೇಳುತ್ತಾರೆ. ಬೇಕು. ಬಡವರ ಬಾಣಲೆಗೆ ಬೀಳೋದೇ ಈ ಅಗ್ಗದ ಎಣ್ಣೆ. ನಾವು ಕೇಳೋದು ಇಷ್ಟೇ: ಯಾರ ನೆಲದಲ್ಲಿ, ಯಾರನ್ನ ಕೇಳಿ, ಯಾರ ಕೂಲಿ ಕಿತ್ತು? ಸಾಲಾಗಿ ನೆಟ್ಟ ಒಂದೇ ಜಾತಿಯ ಮರಗಳನ್ನ ಕಾಡು ಅನ್ನಬೇಡಿ. ಕಾಡಿನಲ್ಲಿ ಬಡವರಿಗೆ ಪಾಲಿದೆ, ಪ್ಲಾಂಟೇಶನ್ನಿನಲ್ಲಿ ಕಾವಲುಗಾರ ಇದ್ದಾನೆ.

ಗೆಳೆಯರೇ, ಘೋಷಣೆ ಕೂಗಿ ಮಲಗುವುದು ಬೇಡ. ರಜಕ್ಕೆ ಊರಿಗೆ ಹೋದಾಗ ನಿಮ್ಮೂರ ಗೋಮಾಳದ ಸರ್ವೆ ನಂಬರ್ ಹುಡುಕಿ, ಪಹಣಿ ತೆಗೆಸಿ. ಆಮೇಲೆ ಅಜ್ಜಿಯರ ಹತ್ತಿರ ಕೂತು ಆ ನೆಲದಿಂದ ಏನೇನು ಮನೆಗೆ ಬರುತ್ತಿತ್ತು ಅಂತ ಕೇಳಿ ಬರೆದುಕೊಳ್ಳಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ನಾವು ಓದು ಕಲಿತದ್ದು ಅಜ್ಜಿಯ ಲೆಕ್ಕವನ್ನೂ ಕಡತಕ್ಕೆ ಸೇರಿಸೋದಕ್ಕೆ.